ಮನೆಯಲ್ಲಿ ಇಂಟರ್‌ನೆಟ್ ಇದೆ, ಸಿಗ್ನಲ್ ಇಲ್ಲ. ಬ್ಯಾಂಕಿನ ಒಟಿಪಿಗೆ ನೀವೆಲ್ಲ ಏನು ಮಾಡುತ್ತೀರಿ?

ಬೇಣದಮನೆ (ಸಿದ್ದಾಪುರ, ಉತ್ತರ ಕನ್ನಡ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ಪೂರ್ತಿ ಓದಿ ಉತ್ತರ ಕೊಟ್ಟರೆ ಉಪಕಾರವಾಗುತ್ತದೆ.

ನಮ್ಮದು ಸಿದ್ದಾಪುರ ತಾಲೂಕಿನ ಒಂದು ಹಳ್ಳಿ. ಅಡಿಕೆ ತೋಟದ ತಲೆಯಲ್ಲೇ ಮನೆ, ಮೂರು ಕಡೆ ಗುಡ್ಡ. ಮನೆಗೆ ಫೈಬರ್ ಇಂಟರ್‌ನೆಟ್ ಬಂದು ಎರಡು ವರ್ಷವಾಯಿತು. ಬೆಂಗಳೂರಿನಿಂದ ಮಗ ವಿಡಿಯೋ ಕಾಲ್ ಮಾಡಿದರೆ ಅವನ ಹಿಂದಿನ ಗೋಡೆಯ ಕ್ಯಾಲೆಂಡರ್ ಕೂಡ ಓದಬಹುದು. ಆದರೆ ಮೊಬೈಲ್ ಸಿಗ್ನಲ್ ಮನೆಯ ಒಳಗೂ ಇಲ್ಲ, ಅಂಗಳದಲ್ಲೂ ಇಲ್ಲ. ಮನೆ ಹಿಂದಿನ ಬೇಣ (ಹುಲ್ಲುಗುಡ್ಡ) ಹತ್ತಿ, ತುದಿಯ ಮತ್ತಿ ಮರದ ಹತ್ತಿರ ನಿಂತರೆ ಎರಡು ಕಡ್ಡಿ ಸಿಗುತ್ತದೆ. ಹತ್ತಲು ಎಂಟು ನಿಮಿಷ, ಇಳಿಯಲು ಐದಾರು ನಿಮಿಷ. ನಮ್ಮ ಬ್ಯಾಂಕಿನ ಒಟಿಪಿ ಮೂರು ನಿಮಿಷಕ್ಕೆ ಮುಗಿಯುತ್ತದೆ.

ಮೇ ಕೊನೆಯಲ್ಲಿ ನನ್ನ ಹಳೆಯ ಫೋನ್ ಕೆಟ್ಟಿತು. ಶಿರಸಿಗೆ ಹೋಗಿ ಹೊಸದು ತಂದೆ. ಸಿಮ್ ಹಳೆಯದೇ, ನಂಬರೂ ಹಳೆಯದೇ. ಬ್ಯಾಂಕಿನ ಆ್ಯಪ್ ಹಾಕಿದೆ. ಸಿಮ್ ಪರಿಶೀಲನೆಗೆ ಎಸ್‌ಎಂಎಸ್ ಕಳುಹಿಸುತ್ತಿದ್ದೇವೆ ಎಂದು ತೋರಿಸಿತು. ಚಕ್ರ ತಿರುಗಿ ತಿರುಗಿ ಕೊನೆಗೆ 'ವಿಫಲ' ಎಂದು ಬಂತು. ಸರಿ, ಬೇಣ ಹತ್ತಿದೆ. ಅಲ್ಲಿ ಎಸ್‌ಎಂಎಸ್ ಹೋಯಿತು. ಆದರೆ ಅಲ್ಲಿ ಇಂಟರ್‌ನೆಟ್ ಸಿಗುವುದಿಲ್ಲ. ಕರೆ ಮಾಡಬಹುದು, ಮೆಸೇಜ್ ಮಾಡಬಹುದು, ಆ್ಯಪ್ ಮಾತ್ರ ಮುಂದೆ ಹೋಗುವುದಿಲ್ಲ. ಅಂದರೆ ಮನೆಯಲ್ಲಿ ಅರ್ಧ ಇದೆ, ಗುಡ್ಡದ ಮೇಲೆ ಇನ್ನರ್ಧ ಇದೆ. ಎರಡೂ ಒಟ್ಟಿಗೆ ಇರುವ ಜಾಗ ನಮ್ಮೂರಲ್ಲಿ ಇಲ್ಲ. ಅವತ್ತು ನಾಲ್ಕು ಸಲ ಹತ್ತಿ ಇಳಿದೆ.

ಅದೇ ವಾರ ತೋಟಕ್ಕೆ ಮೊದಲನೇ ಮದ್ದು ಹೊಡೆಸಿದ್ದೆವು. ಮಳೆ ಹಿಡಿದುಕೊಳ್ಳುವ ಮೊದಲು ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯದಿದ್ದರೆ ಕೊಳೆ ರೋಗ ಬಂದು ಕಾಯಿ ಉದುರುತ್ತದೆ, ತೋಟ ಇದ್ದವರಿಗೆ ಗೊತ್ತು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರಿಗೂ ಅವರ ಜೊತೆಯವರಿಗೂ ಸೇರಿ 14,200 ರೂಪಾಯಿ ಕೊಡಬೇಕಿತ್ತು. ಅವರು ಹೇಳಿದರು, "ಅಮ್ಮಾ, ಈ ಸಲ ಅಕೌಂಟಿಗೇ ಹಾಕಿ, ಮಗಳ ಕಾಲೇಜು ಫೀಸು ಕಟ್ಟಲು ನಾಳೆ ಕೊನೆ ದಿನ." ಆಗಲಿ ಎಂದೆ.

ಆ್ಯಪ್ ಆಗದ ಕಾರಣ ನೆಟ್‌ಬ್ಯಾಂಕಿಂಗ್ ತೆಗೆದೆ. ಪಾಸ್‌ವರ್ಡ್ ಅವಧಿ ಮುಗಿದಿದೆ, ಹೊಸದು ಹಾಕಿ ಎಂದಿತು. ಅದಕ್ಕೂ ಒಟಿಪಿ. ಆಗ ನಮ್ಮನೆಯವರು ಫೋನ್ ಹಿಡಿದು ಬೇಣದ ಮೇಲೆ ನಿಂತರು. ನಾನು ಜಗಲಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತೆ. ಒಟಿಪಿ ಬಂದ ಕೂಡಲೇ ಅವರು ಮೇಲಿನಿಂದ ಒಂದೊಂದೇ ಅಂಕಿ ಕೂಗಿದರು. ಮಳೆ ಸದ್ದಿನಲ್ಲಿ ಎಂಟು ನನಗೆ ಏಳು ಎಂದು ಕೇಳಿಸಿತು. ಎರಡನೇ ಸಲ ಸಮಯ ಮೀರಿತು. ಮೂರನೇ ಸಲವೂ ತಪ್ಪಾಯಿತು. ಖಾತೆ 24 ಗಂಟೆ ಲಾಕ್.

ಆ ಮೆಸೇಜಿನಲ್ಲೇ ಬರೆದಿರುತ್ತದೆ, ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ ಎಂದು. ನಾವು ಅದನ್ನು ಇಡೀ ಕೇರಿಗೆ ಕೇಳುವ ಹಾಗೆ ಕೂಗಿದೆವು. ನನಗೆ ಅವತ್ತು ಅಳು ಬಂತು.

ಮರುದಿನ 16 ಕಿಲೋಮೀಟರ್ ದೂರದ ಶಾಖೆಗೆ ಹೋದೆ. ಅರ್ಜಿ, ಆಧಾರ್ ಪ್ರತಿ, ಪ್ಯಾನ್ ಪ್ರತಿ, ಎರಡು ಸಹಿ. ಪೇಟೆಯಲ್ಲಿ ಸಿಗ್ನಲ್ಲೂ ಇದೆ, ಇಂಟರ್‌ನೆಟ್ಟೂ ಇದೆ. ಅಲ್ಲೇ ನಿಂತು ಆ್ಯಪ್ ರಿಜಿಸ್ಟರ್ ಮಾಡಿದೆ, ಐದು ನಿಮಿಷದಲ್ಲಿ ಆಯಿತು. ದುಡ್ಡು ಹಾಕಲು ಹೋದರೆ, ಹೊಸ ಫೋನ್ ಆದ್ದರಿಂದ ಮೊದಲ 24 ಗಂಟೆ 5,000 ರೂಪಾಯಿ ಮಾತ್ರ ಎಂದಿತು. ಕೊನೆಗೌಡರು ಅಷ್ಟರೊಳಗೆ ಬೇರೆಯವರ ಹತ್ತಿರ ಕೈಗಡ ತಂದು ಫೀಸು ಕಟ್ಟಿದ್ದರು. ಅವರು ಒಂದು ಮಾತೂ ಆಡಲಿಲ್ಲ. ಆದರೆ ಅವರು ದುಡಿದ ದುಡ್ಡು ನನ್ನ ಖಾತೆಯಲ್ಲಿ ಇತ್ತು, ಅವರು ಸಾಲ ಮಾಡಬೇಕಾಯಿತು.

ಇನ್ನೊಂದು ವಿಷಯ ಇದೆ. ನನಗೆ ಜಾಸ್ತಿ ಹೆದರಿಕೆ ಅದರದ್ದೇ. ನಮ್ಮ ಕೇರಿಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಡಾಂಬರು ರಸ್ತೆ, ಅಲ್ಲೊಂದು ಅಂಗಡಿ. ಅಲ್ಲಿ ಸಿಗ್ನಲ್ ಸಿಗುತ್ತದೆ. ಗುಡ್ಡ ಹತ್ತಲು ಆಗದ ವಯಸ್ಸಾದವರು ತಮ್ಮ ಫೋನನ್ನು ಅಂಗಡಿಯವನ ಕೈಗೆ ಕೊಟ್ಟು, ಪಿನ್ ಹೇಳಿ, "ಇಷ್ಟು ಹಾಕಿಕೊಡು ಮಾರಾಯ" ಎನ್ನುತ್ತಾರೆ. ಎಂಟು ಮನೆಯವರ ಪಿನ್ ಅವನಿಗೆ ಬಾಯಿಪಾಠ. ಒಳ್ಳೆಯ ಹುಡುಗ, ಒಂದು ರೂಪಾಯಿ ಮುಟ್ಟಿದವನಲ್ಲ. ಆದರೆ ನಾಳೆ ಯಾರದ್ದಾದರೂ ದುಡ್ಡು ಹೋದರೆ ಮೊದಲು ಅವನ ಮೇಲೆಯೇ ಬರುವುದಿಲ್ಲವೇ? ಕಳ್ಳರಿಂದ ಕಾಯಲು ಇಷ್ಟೆಲ್ಲ ಮಾಡಿದ್ದಾರೆ. ಅದು ಕಷ್ಟವಾದಷ್ಟೂ ನಮ್ಮ ಜನ ಗುಟ್ಟನ್ನು ಇನ್ನೊಬ್ಬರ ಕೈಗೆ ಕೊಟ್ಟು ಬರುತ್ತಿದ್ದಾರೆ.

ಭದ್ರತೆ ಬೇಡ ಎನ್ನುವವಳಲ್ಲ ನಾನು. ಬೇಕೇ ಬೇಕು. ಎಲ್ಲವನ್ನೂ ಒಂದು ಎಸ್‌ಎಂಎಸ್ ಮೇಲೆ ನಿಲ್ಲಿಸಿದ್ದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಮನೆಯ ವೈಫೈಯಲ್ಲೇ ಒಟಿಪಿ ಬರುವ ಹಾಗೆ ಮಾಡಲು ದಾರಿ ಇದೆಯೇ? ಮತ್ತೆ ನಮ್ಮ ಅತ್ತೆಗೆ 79 ವರ್ಷ, ಮಾವನವರ ಫ್ಯಾಮಿಲಿ ಪೆನ್ಷನ್ ಬರುತ್ತದೆ. ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯೋಣ ಎಂದರೆ ಯಂತ್ರ ಒಪ್ಪುವುದಿಲ್ಲ. ಐವತ್ತು ವರ್ಷ ಅಡಿಕೆ ಸುಲಿದ ಕೈ ಅದು, ಬೆರಳಿನ ಗೆರೆಯೇ ಸವೆದು ಹೋಗಿದೆ. ಅವರಿಗೆ ಏನು ಮಾಡಬಹುದು?

---

ಸಾಗರದ_ರೈತ

ಅಕ್ಕಾ, ಇಷ್ಟೆಲ್ಲ ಯಾಕೆ ಕಷ್ಟ? ತಿಂಗಳಿಗೊಮ್ಮೆ ಪೇಟೆಗೆ ಹೋಗಿ ನಗದು ತಂದು ಇಟ್ಟುಕೊಳ್ಳಿ. ನಾವು ಹಾಗೇ ಮಾಡುವುದು. ಕೂಲಿಯನ್ನು ಕೈಗೇ ಕೊಡುತ್ತೇವೆ.

---

ಬೇಣದಮನೆ

@ಸಾಗರದ_ರೈತ, ನಾವೂ ಮೊದಲು ಹಾಗೇ ಮಾಡುತ್ತಿದ್ದೆವು. ಈಗ ಅಡಿಕೆ ಮಾರಿದ ದುಡ್ಡನ್ನು ಸೊಸೈಟಿಯವರು ಖಾತೆಗೇ ಹಾಕುತ್ತಾರೆ. ಕೆಲಸಕ್ಕೆ ಬರುವವರೂ ಖಾತೆಗೇ ಹಾಕಿ ಎನ್ನುತ್ತಾರೆ. ಒಬ್ಬಾಕೆ ನನ್ನ ಹತ್ತಿರ ಹೇಳಿದಳು, "ಕೈಗೆ ಕೊಟ್ಟರೆ ಮನೆ ತಲುಪುವ ಮೊದಲೇ ಗಂಡ ಇಸಕೊಳ್ಳುತ್ತಾನೆ." ಖಾತೆ ಅವಳಿಗೆ ಆಸರೆ. ಅವಳಿಗೆ ನಗದು ತಗೋ ಎಂದು ಹೇಳಲು ನನಗೆ ಮನಸ್ಸಿಲ್ಲ.

---

ಕುಮಟೆಯ_ಟೆಸ್ಟರ್ (ಈಗ ಬೆಂಗಳೂರು)

ಅಕ್ಕಾ, ನಾನು ಮೊಬೈಲ್ ಆ್ಯಪ್‌ಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ನಮ್ಮ ಅಜ್ಜಿಮನೆಯೂ ಘಟ್ಟದ ಬುಡದಲ್ಲಿ ಇದೆ, ಅಲ್ಲೂ ಇದೇ ಕಥೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ವೈಫೈ ಕಾಲಿಂಗ್ ನೋಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಎಂದಿರುವ ಕಡೆ ಹೋದರೆ 'ವೈಫೈ ಕಾಲಿಂಗ್' ಎಂಬ ಗುಂಡಿ ಇರುತ್ತದೆ. ಅದನ್ನು ಆನ್ ಮಾಡಿದರೆ ಟವರ್ ಇಲ್ಲದಿದ್ದರೂ ಮನೆಯ ಇಂಟರ್‌ನೆಟ್ ಮೂಲಕವೇ ಕರೆ ಬರುತ್ತದೆ. ಎಸ್‌ಎಂಎಸ್ ಕೂಡ ಬರುತ್ತದೆ. ಇದಕ್ಕೆ ಬೇರೆ ಆ್ಯಪ್ ಬೇಡ, ಬೇರೆ ದುಡ್ಡೂ ಇಲ್ಲ. ಆದರೆ ನಿಮ್ಮ ಫೋನಿಗೂ ಆ ಸೌಲಭ್ಯ ಇರಬೇಕು, ಸಿಮ್ ಕಂಪನಿಯೂ ಕೊಡುತ್ತಿರಬೇಕು. ಒಂದು ಉಪಾಯ ಇದೆ. ಅರ್ಧ ಕಡ್ಡಿ ಸಿಗ್ನಲ್ ಬಂದು ಹೋಗುತ್ತಿದ್ದರೆ ಫೋನ್ ಆ ಟವರನ್ನೇ ಹಿಡಿದುಕೊಂಡು ಒದ್ದಾಡುತ್ತದೆ, ವೈಫೈಗೆ ಬರುವುದೇ ಇಲ್ಲ. ಆಗ ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಒಂದೆರಡು ನಿಮಿಷದಲ್ಲಿ ಮೇಲೆ ವೈಫೈ ಕಾಲಿಂಗ್ ಗುರುತು ಬರುತ್ತದೆ. ಅಜ್ಜಿಮನೆಯಲ್ಲಿ ನಾನು ಹೀಗೇ ಮಾಡಿದ್ದು.

ಎರಡನೆಯದು, ಯುಪಿಐಗೆ ಪ್ರತಿ ಸಲ ಎಸ್‌ಎಂಎಸ್ ಬೇಡ. ಸಿಮ್ ಪರಿಶೀಲನೆ ಒಮ್ಮೆ ಆದರೆ ಸಾಕು, ಆಮೇಲೆ ಇಂಟರ್‌ನೆಟ್ ಮತ್ತು ಪಿನ್ ಇದ್ದರೆ ದುಡ್ಡು ಹೋಗುತ್ತದೆ. ನೀವು ಪೇಟೆಯಲ್ಲಿ ರಿಜಿಸ್ಟರ್ ಮಾಡಿದ್ದು ಒಳ್ಳೆಯದಾಯಿತು, ಇನ್ನು ಮನೆಯ ವೈಫೈಯಲ್ಲೇ ನಡೆಯುತ್ತದೆ. ಆದರೆ ಆ ಸಿಮ್ ತೆಗೆದು ಬೇರೆ ಫೋನಿಗೆ ಹಾಕಬೇಡಿ, ಆ್ಯಪ್ ಅಳಿಸಬೇಡಿ. ಹಾಗೆ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಸಿಮ್ ಹಾಳಾಗಿ ಹೊಸ ಸಿಮ್ ತಗೊಂಡರೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಅದೂ ನೆನಪಿರಲಿ. ನಿಮ್ಮ ಹೆಸರಿನಲ್ಲಿ ಯಾರೋ ಇನ್ನೊಂದು ಸಿಮ್ ತೆಗೆದು ಖಾತೆ ಬಳಿದುಕೊಂಡು ಹೋಗಬಾರದು ಎಂದು ಮಾಡಿದ ನಿಯಮ ಅದು. ಹೊಸ ಫೋನಿಗೆ 5,000ದ ಮಿತಿ ಹಾಕಿದ್ದೂ ಇದೇ ಕಾರಣಕ್ಕೆ.

ಆ ಸಿಮ್ ಪರಿಶೀಲನೆ ಯಾಕೆ ಇದೆ ಎಂದರೆ, ನಿಮ್ಮ ಪಿನ್ ಕಳ್ಳನಿಗೆ ಗೊತ್ತಾದರೂ ಅವನ ಫೋನಿನಿಂದ ನಿಮ್ಮ ದುಡ್ಡು ತೆಗೆಯಲು ಆಗಬಾರದು. ಎಸ್‌ಎಂಎಸ್ ನಿಮ್ಮ ಸಿಮ್‌ನಿಂದಲೇ ಹೊರಟಿದೆ ಎಂದು ಬ್ಯಾಂಕಿಗೆ ಗೊತ್ತಾಗಬೇಕು. ಯೋಚನೆ ಒಳ್ಳೆಯದೇ. ಮಾಡಿದವರು ನೆಟ್‌ವರ್ಕ್ ಇರುವ ಊರಿನಲ್ಲಿ ಕೂತು ಮಾಡಿದ್ದಾರೆ ಅಷ್ಟೆ. ನನ್ನ ಕೆಲಸದಲ್ಲೂ ನೋಡಿದ್ದೇನೆ. ಆಫೀಸಿನ ಮೇಜಿನ ಮೇಲೆ ಹತ್ತು ಫೋನ್ ಇಟ್ಟು ಪರೀಕ್ಷೆ ಮಾಡುತ್ತೇವೆ, ಹತ್ತಕ್ಕೂ ಸಿಗ್ನಲ್ ತುಂಬಿ ತುಳುಕುತ್ತಿರುತ್ತದೆ. ನೀವು ಬರೆದದ್ದು ಓದಿದ ಮೇಲೆ ನಮ್ಮ ತಂಡದಲ್ಲಿ ಸಿಗ್ನಲ್ ಬಂದ್ ಮಾಡಿ ವೈಫೈ ಮಾತ್ರ ಇಟ್ಟು ಪರೀಕ್ಷೆ ಮಾಡೋಣ ಎಂದು ಹೇಳಿದ್ದೇನೆ.

ಚಿಕ್ಕ ಖರ್ಚಿಗೆ ಯುಪಿಐ ಲೈಟ್ (ಆ್ಯಪಿನೊಳಗಿನ ಚಿಕ್ಕ ಪರ್ಸ್) ಇಟ್ಟುಕೊಳ್ಳಿ. ಸಾವಿರ ರೂಪಾಯಿವರೆಗೆ ಪಿನ್ನೂ ಬೇಡ. ಬೇಣದ ಮೇಲೆ ಬರೀ ಕರೆಯ ಸಿಗ್ನಲ್ ಇದ್ದರೆ ಸ್ಟಾರ್ 99 ಹ್ಯಾಶ್ (*99#) ಒತ್ತಿ ನೋಡಿ, ದುಡ್ಡು ಕಳುಹಿಸುವುದು ಇಂಟರ್‌ನೆಟ್ ಇಲ್ಲದೆ ನಡೆಯುತ್ತದೆ, ಕನ್ನಡದಲ್ಲೂ ಇದೆ. ಆದರೆ ಎಲ್ಲ ಕಂಪನಿಯ ಸಿಮ್‌ನಲ್ಲೂ ಅದು ನಡೆಯುವುದಿಲ್ಲ. ಬರೀ ಗುಂಡಿ ಫೋನ್ ಇರುವವರಿಗೆ ಯುಪಿಐ 123ಪೇ ಎಂದು 2022ರಲ್ಲಿ ಬಂದಿದೆ, ಕರೆ ಮಾಡಿಯೇ ದುಡ್ಡು ಕಳುಹಿಸಬಹುದು.

ಅಂಗಡಿಯವನ ವಿಷಯ ಓದಿ ನನಗೂ ಭಯವಾಯಿತು. ಅದಕ್ಕೆ ತಿಳಿದವರು ಯಾರಾದರೂ ಉತ್ತರಿಸಲಿ.

---

ಕೌಂಟರ್_ನಂ2 (ಉಡುಪಿ)

ತಂಗಿ, ನಾನು ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಅರ್ಧಕ್ಕಿಂತ ಹೆಚ್ಚು ಕಾಲ ಹಳ್ಳಿ ಶಾಖೆಗಳಲ್ಲೇ ಇದ್ದೆ. ನೀವು ಕೇಳಿದ ಅಂಗಡಿಯವನ ವಿಷಯದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ದೊಡ್ಡದು.

ಗ್ರಾಹಕರ ದುಡ್ಡು ಮೋಸದಲ್ಲಿ ಹೋದರೆ ಯಾರು ಹೊಣೆ ಎಂದು 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ತಪ್ಪು ಬ್ಯಾಂಕಿನದಾದರೆ ಗ್ರಾಹಕರಿಗೆ ನಷ್ಟವಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ಬೇರೆಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನಿಂದ ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೂ ನಷ್ಟವಿಲ್ಲ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಆ ಮೊತ್ತವನ್ನು ಬ್ಯಾಂಕ್ ಖಾತೆಗೆ ಹಾಕಬೇಕು. ಆದರೆ ಪಿನ್, ಒಟಿಪಿಯನ್ನು ಗ್ರಾಹಕರೇ ಇನ್ನೊಬ್ಬರಿಗೆ ಹೇಳಿದ್ದರೆ ಅದು ಗ್ರಾಹಕರ ನಿರ್ಲಕ್ಷ್ಯ. ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟ ಪೂರ್ತಿ ಅವರದ್ದೇ. ನಿಮ್ಮ ಕೇರಿಯ ಆ ಎಂಟು ಮನೆಯವರು ಈಗ ಆ ಜಾಗದಲ್ಲಿ ಇದ್ದಾರೆ. ಗುಡ್ಡ ಹತ್ತಲು ಆಗದೆ ಹೇಳಿದರು ಎಂದು ಯಾರೂ ಕೇಳುವುದಿಲ್ಲ. ಅವರ ಪಿನ್ ಈ ವಾರವೇ ಬದಲಿಸಲು ಹೇಳಿ. ಆ ಹುಡುಗನಿಗೂ ಅದೇ ಕ್ಷೇಮ.

ಯಾರದ್ದಾದರೂ ದುಡ್ಡು ಹೋದರೆ ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬ್ಯಾಂಕ್ ತೆರೆಯಲಿ, ನಾಳೆ ನೋಡೋಣ ಎನ್ನಬಾರದು. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಬೇಗ ಹೇಳಿದರೆ ದಾರಿಯಲ್ಲಿ ಎಲ್ಲಾದರೂ ತಡೆಯಬಹುದು. ನಾನು ಕೆಲಸದಲ್ಲಿದ್ದಾಗ ಒಬ್ಬ ನಿವೃತ್ತ ಮೇಷ್ಟ್ರು ಮೋಸ ಹೋಗಿದ್ದರು. ನಾಚಿಕೆಯಿಂದ ನಾಲ್ಕು ದಿನ ಮನೆಯಲ್ಲೂ ಹೇಳಿರಲಿಲ್ಲ. ಐದನೇ ದಿನ ನನ್ನ ಕೌಂಟರಿಗೆ ಬಂದು ಪಾಸ್‌ಬುಕ್ ಇಟ್ಟು ಸುಮ್ಮನೆ ನಿಂತರು. ಏನೂ ಮಾಡಲು ಆಗಲಿಲ್ಲ. ಆ ಮುಖ ಇವತ್ತಿಗೂ ಮರೆತಿಲ್ಲ. ಅದಕ್ಕೇ ಒಟಿಪಿ ಬೇಡ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 2009ರಲ್ಲಿ ಆನ್‌ಲೈನ್ ಕಾರ್ಡ್ ಖರೀದಿಗೆ ಎರಡನೇ ಹಂತದ ಪರಿಶೀಲನೆ ಕಡ್ಡಾಯ ಮಾಡಿದ್ದು ಎಷ್ಟೋ ಜನರ ದುಡ್ಡು ಉಳಿಸಿದೆ.

ಆದರೆ ಎಸ್‌ಎಂಎಸ್ ಒಂದೇ ದಾರಿ ಆಗಬೇಕಿಲ್ಲ ಎಂದು ರಿಸರ್ವ್ ಬ್ಯಾಂಕೂ ಹೇಳಿದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ನಿರ್ದೇಶನ ಹೊರಡಿಸಿ, 2026ರ ಏಪ್ರಿಲ್ 1ನ್ನು ಜಾರಿಯ ದಿನ ಎಂದು ಇಟ್ಟಿತು. ಎರಡು ಹಂತದ ಪರಿಶೀಲನೆ ಇರಲೇಬೇಕು. ಅದು ಆ್ಯಪಿನೊಳಗಿನ ಒಪ್ಪಿಗೆ ಇರಬಹುದು, ಬೆರಳಚ್ಚು ಇರಬಹುದು, ಬೇರೆ ಏನಾದರೂ ಇರಬಹುದು. ನಿಮ್ಮ ಶಾಖೆಗೆ ಒಂದು ಪತ್ರ ಬರೆಯಿರಿ, "ಮನೆಯಲ್ಲಿ ಸಿಗ್ನಲ್ ಇಲ್ಲ, ಇಂಟರ್‌ನೆಟ್ ಇದೆ, ನನಗೆ ಬೇರೆ ಯಾವ ದಾರಿ ಕೊಡುತ್ತೀರಿ" ಎಂದು. ಬಾಯಿಮಾತಿನಲ್ಲಿ ಕೇಳಬೇಡಿ. ಕೊಟ್ಟ ಪತ್ರದ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ನಿಮ್ಮ ಅತ್ತೆಯವರ ಬಗ್ಗೆ. 2017ರ ನವೆಂಬರ್ 9ರ ಸುತ್ತೋಲೆ ಪ್ರಕಾರ 70 ದಾಟಿದವರಿಗೆ ಮನೆ ಬಾಗಿಲಿಗೆ ನಗದು ತಂದುಕೊಡುವುದು, ಡಿಮ್ಯಾಂಡ್ ಡ್ರಾಫ್ಟ್ ತಂದುಕೊಡುವುದು, ಜೀವಂತ ಪ್ರಮಾಣಪತ್ರ ತಗೊಳ್ಳುವುದು, ಇದನ್ನೆಲ್ಲ ಮಾಡಲು ಬ್ಯಾಂಕುಗಳು ಪ್ರಯತ್ನಿಸಬೇಕು. ಎಲ್ಲ ಶಾಖೆಯೂ ಮಾಡುತ್ತದೆ ಎಂದು ನಾನು ಸುಳ್ಳು ಹೇಳಲಾರೆ. ಕೇಳದಿದ್ದರಂತೂ ಯಾರೂ ಮಾಡುವುದಿಲ್ಲ. ಹೆಬ್ಬೆಟ್ಟು ಯಂತ್ರ ಒಪ್ಪದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿಸಿ ನೋಡಿ. ಮಳೆಗಾಲಕ್ಕಿಂತ, ಸುಲಿಯುವ ಕೆಲಸ ನಿಂತು ಕೈ ಸ್ವಲ್ಪ ಮೆತ್ತಗಾದ ಮೇಲೆ ಹೋಗಿ. ನವೆಂಬರಿನ ಜೀವನ್ ಪ್ರಮಾಣಕ್ಕೆ ಈಗ ಮುಖ ತೋರಿಸಿದರೂ ಆಗುತ್ತದೆ, ಬೆರಳೇ ಬೇಕೆಂದಿಲ್ಲ.

ಪತ್ರ ಕೊಟ್ಟು 30 ದಿನ ಆದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರು ಬೇಡ. 14448ಕ್ಕೆ ಕರೆ ಮಾಡಿದರೆ ಹೇಗೆ ಕೊಡಬೇಕೆಂದು ಹೇಳುತ್ತಾರೆ.

ಒಂದು ಹಳೆಯ ಮಾತು. 1928ರಲ್ಲಿ ಇದೇ ಉಡುಪಿಯಲ್ಲಿ ಪಿಗ್ಮಿ ಶುರುವಾಯಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟರೇ ಮನೆ ಬಾಗಿಲಿಗೆ ಬಂದು ತಗೊಂಡು ಹೋಗುತ್ತಿದ್ದರು. ಮೀನು ಮಾರುವ ಹೆಂಗಸರು, ಮಗ್ಗದವರು, ಹೋಟೆಲ್ ಕೆಲಸದವರು ಹಾಗೆ ದುಡ್ಡು ಕೂಡಿಟ್ಟರು. ನನ್ನ ಅಮ್ಮ ನನ್ನ ಓದಿಗೆ ಕಟ್ಟಿದ್ದು ಪಿಗ್ಮಿ ದುಡ್ಡು. ಬ್ಯಾಂಕ್ ಎಂದರೆ ನಮ್ಮ ಕಡೆ ಮನೆಗೆ ಬರುವಂಥದ್ದಾಗಿತ್ತು.

---

ಮೈಸೂರಿನ_ಕೇಳುಗ

ನಾನು ಕಣ್ಣು ಕಾಣದವನು. ಪರದೆ ಓದಿ ಹೇಳುವ ತಂತ್ರಾಂಶ ಹಾಕಿಕೊಂಡು ಫೋನ್ ಬಳಸುತ್ತೇನೆ. ಮೈಸೂರಿನಲ್ಲಿ ಸಿಗ್ನಲ್ಲಿಗೆ ಕೊರತೆ ಇಲ್ಲ, ಆದರೂ ನಿಮ್ಮ ಬೇಣ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ನೆಟ್‌ಬ್ಯಾಂಕಿಂಗ್ ತೆರೆದರೆ ಚಿತ್ರದಲ್ಲಿರುವ ಅಕ್ಷರ ಬರೆಯಿರಿ ಎನ್ನುತ್ತದೆ. ಪಕ್ಕದಲ್ಲಿ ಧ್ವನಿಯ ಗುಂಡಿ ಇರುವುದಿಲ್ಲ, ಇದ್ದರೂ ಗೊರಗೊರ ಸದ್ದು. ಒಂದು ಆ್ಯಪ್ ಅಂತೂ ನನ್ನ ಫೋನಿನಲ್ಲಿ ಓದುವ ತಂತ್ರಾಂಶ ಆನ್ ಇದೆ ಎಂದು ಗೊತ್ತಾದ ಕೂಡಲೇ ಭದ್ರತೆಯ ಕಾರಣ ಹೇಳಿ ಮುಚ್ಚಿಕೊಂಡಿತು. ಕಳ್ಳರು ಅಂಥ ಸೌಲಭ್ಯ ಬಳಸಿ ಪರದೆ ಕದಿಯುತ್ತಾರಂತೆ. ಇರಬಹುದು. ಆದರೆ ಅದನ್ನು ಆಫ್ ಮಾಡಿದರೆ ನನ್ನ ಕೈಯಲ್ಲಿರುವುದು ಬರೀ ಗಾಜಿನ ತುಂಡು. ಪಾಸ್‌ವರ್ಡ್ ಗುಂಡಿಗಳನ್ನು ಪ್ರತಿ ಸಲ ಜಾಗ ಬದಲಿಸಿ ತೋರಿಸುವ ಪುಟಗಳೂ ಇವೆ. ಎಷ್ಟೋ ಸಲ ಪಕ್ಕದ ಮನೆಯ ಹುಡುಗನನ್ನು ಕರೆದು ಪಾಸ್‌ವರ್ಡ್ ಹೇಳಿದ್ದೇನೆ. ನಿಮ್ಮ ಅಂಗಡಿಯವನ ಹಾಗೇ.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ಮಾಡುವ ರೀತಿಯನ್ನು ಅಂಗವಿಕಲರಿಗೆ ಆಗುವ ಹಾಗೆ ಬದಲಿಸಲು ಆದೇಶಿಸಿದೆ. ಆ್ಯಸಿಡ್ ದಾಳಿಗೆ ಸಿಕ್ಕವರಿಗೆ, ಕಣ್ಣು ಕಾಣದವರಿಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದರೆ ಅವರೇನು ಮಾಡಬೇಕು? ನಾನು ಬ್ಯಾಂಕಿಗೆ ಬರೆಯುವ ಪತ್ರದಲ್ಲಿ ಈಗ ಈ ತೀರ್ಪಿನ ತಾರೀಕು ಹಾಕುತ್ತೇನೆ. ಕೌಂಟರ್ ಸರ್ ಹೇಳಿದ ಹಾಗೆ ಬರೆದು ಕೊಡುವುದೇ ಸರಿ. ನನಗೆ ಒಂದು ಪತ್ರಕ್ಕೆ ಉತ್ತರ ಬಂದಿದೆ, ಧ್ವನಿಯ ಗುಂಡಿ ಹಾಕಿದ್ದಾರೆ.

---

ಕಾರ್ಕಳ_ಮಸ್ಕತ್

ನಾನು ಮಸ್ಕತ್‌ನಲ್ಲಿ ಇರುವವನು. ನನ್ನ ಎನ್‌ಆರ್‌ಇ (ಹೊರದೇಶದಲ್ಲಿ ಇರುವವರ) ಖಾತೆಗೆ ಈಗ ಒಮಾನ್ ನಂಬರಿನಲ್ಲೇ ಯುಪಿಐ ಮಾಡಿಕೊಂಡಿದ್ದೇನೆ. 2023ರಲ್ಲಿ ಹತ್ತು ದೇಶದ ನಂಬರುಗಳಿಗೆ ಅದನ್ನು ಬಿಟ್ಟರು. ಅದಕ್ಕೆ ಮೊದಲು ಊರಿನ ಸಿಮ್ ರೋಮಿಂಗ್‌ನಲ್ಲಿ ಇಟ್ಟುಕೊಂಡು ಒಟಿಪಿ ಕಾಯುತ್ತಾ ಕೂರುತ್ತಿದ್ದೆ.

ನಾನು ಬರೆಯಲು ಬಂದದ್ದು ಬೇರೆ ವಿಷಯ. ಊರಿನಲ್ಲಿ ಅಮ್ಮನಿಗೆ ಕಷ್ಟ ಬೇಡ ಎಂದು ಅವರ ಖಾತೆಗೆ ನನ್ನ ನಂಬರ್ ಕೊಟ್ಟಿದ್ದೆ. ಒಟಿಪಿ, ಮೆಸೇಜ್ ಎಲ್ಲ ನನಗೇ ಬರುತ್ತಿತ್ತು. ಮೂರು ವರ್ಷ ಹಾಗೇ ನಡೆಯಿತು. ಹೋದ ರಜೆಯಲ್ಲಿ ಮನೆಗೆ ಹೋದಾಗ ಅಮ್ಮ ಕೇಳಿದರು, "ನನ್ನ ದುಡ್ಡು ಎಷ್ಟಿದೆ ಅಂತ ನಿನ್ನ ಹತ್ತಿರ ಕೇಳಬೇಕಾ ಮಗಾ?" ಮರುದಿನವೇ ಶಾಖೆಗೆ ಹೋಗಿ ಅವರ ನಂಬರನ್ನೇ ಹಾಕಿಸಿದೆ. ಮಕ್ಕಳ ನಂಬರ್ ಕೊಟ್ಟುಬಿಡಿ ಎಂದು ಯಾರಾದರೂ ಸುಲಭದ ದಾರಿ ಹೇಳಿದರೆ, ಅಕ್ಕಾ, ನಿಮ್ಮ ಅತ್ತೆಗೆ ಹಾಗೆ ಮಾಡಬೇಡಿ.

---

ಬೇಣದಮನೆ

ಎಲ್ಲರಿಗೂ ತುಂಬ ಉಪಕಾರ. ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಗಾಳಿ ಮಳೆಗೆ ಮರ ಬಿದ್ದು ಕರೆಂಟು ಇರಲಿಲ್ಲ. ಕರೆಂಟು ಹೋದರೆ ನಮ್ಮ ವೈಫೈಯೂ ಹೋಗುತ್ತದೆ, ಎರಡನೇ ದಿನಕ್ಕೆ ಟವರೂ ನಿಲ್ಲುತ್ತದೆ. ಅದಕ್ಕೆ ಯಾವ ಆ್ಯಪಿನಲ್ಲೂ ಉಪಾಯ ಇಲ್ಲ, ಅಲ್ವಾ?

ವೈಫೈ ಕಾಲಿಂಗ್ ಮಾಡಿದೆ. ನನ್ನ ಸಿಮ್‌ನಲ್ಲಿ ಆ ಗುಂಡಿಯೇ ಕಾಣಲಿಲ್ಲ. ನಮ್ಮನೆಯವರದ್ದು ಬೇರೆ ಕಂಪನಿ, ಅವರ ಫೋನಿನಲ್ಲಿ ಇತ್ತು. ತಮ್ಮಾ ಕುಮಟೆಯವನೇ, ನೀನು ಹೇಳಿದ ಹಾಗೆ ಏರೋಪ್ಲೇನ್ ಮೋಡ್ ಹಾಕಿ ವೈಫೈ ಆನ್ ಮಾಡಿ ಕೂತೆವು. ರಾತ್ರಿ ಊಟದ ಹೊತ್ತಿಗೆ ಅವರ ನೆಟ್‌ಬ್ಯಾಂಕಿಂಗ್ ತೆಗೆದು ನೋಡಿದರೆ, ಒಟಿಪಿ ಅಡುಗೆಮನೆಯಲ್ಲೇ ಬಂತು! ಅವರು ಆ ಮೆಸೇಜನ್ನು ನನಗೆ ಎರಡು ಸಲ ತೋರಿಸಿದರು. ಅತ್ತೆಯೂ ಬಂದು ನೋಡಿದರು. ನನ್ನ ನಂಬರನ್ನೂ ಅದೇ ಕಂಪನಿಗೆ ಬದಲಿಸಲು ಅರ್ಜಿ ಹಾಕುತ್ತೇನೆ, ಆದರೆ ಅಡಿಕೆಯ ದುಡ್ಡಿನ ಕೆಲಸ ಏನೂ ಇಲ್ಲದ ವಾರ ನೋಡಿ. ಸಿಮ್ ಬದಲಿಸಿದರೆ 24 ಗಂಟೆ ಎಂದಿದ್ದು ನೆನಪಿದೆ.

ಅತ್ತೆಯವರ ಪತ್ರ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ. ಕೌಂಟರಿನಲ್ಲಿದ್ದವರು, "ಹಳ್ಳಿಗೆಲ್ಲ ನಾವು ಬರುವುದಿಲ್ಲ ಮೇಡಂ" ಎಂದರು. ಸುತ್ತೋಲೆಯ ತಾರೀಕು ಹೇಳಿದೆ. ಒಳಗೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ ಬಂದು ಪತ್ರ ತಗೊಂಡರು. ನೋಡೋಣ. 30 ದಿನದ ಲೆಕ್ಕ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ. ಕಾರ್ಕಳದ ತಮ್ಮ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. "ಆ ಅಮ್ಮ ಸರಿಯಾಗಿ ಕೇಳಿದಾಳೆ" ಎಂದರು. ನಂಬರ್ ಅವರದ್ದೇ ಇರುತ್ತದೆ.

ಅಂಗಡಿಯ ಹುಡುಗನ ಹತ್ತಿರವೂ ಮಾತಾಡಿದೆ. ಬೇಜಾರು ಮಾಡಿಕೊಳ್ಳುತ್ತಾನೇನೋ ಎಂದು ಹೆದರಿಕೊಂಡೇ ಹೋಗಿದ್ದೆ. ಅವನು, "ಅಕ್ಕಾ, ನನಗೂ ಇದು ಭಾರವೇ. ಬೇಡ ಎಂದರೆ ಅಜ್ಜಂದಿರು ಎಲ್ಲಿಗೆ ಹೋಗುತ್ತಾರೆ ಎಂದು ಸುಮ್ಮನಿದ್ದೆ" ಎಂದ. ಭಾನುವಾರ ನಾನೂ ಅವನೂ ಸೇರಿ ಐದು ಮನೆಯವರನ್ನು ಅಂಗಡಿ ಹತ್ತಿರ ಕೂರಿಸಿ ಪಿನ್ ಬದಲಿಸಿದೆವು. ಹೊಸ ಪಿನ್ ಒತ್ತುವಾಗ ನಾವಿಬ್ಬರೂ ಆ ಕಡೆ ತಿರುಗಿ ನಿಂತೆವು. ಅವನು ಅಂಗಡಿಯ ವೈಫೈಯನ್ನು ಅವರ ಫೋನುಗಳಿಗೂ ಹಾಕಿಕೊಟ್ಟಿದ್ದಾನೆ, ಇನ್ನು ಅವರೇ ಕೂತು ಮಾಡುತ್ತಾರೆ. ಇನ್ನು ಮೂರು ಮನೆ ಉಳಿದಿದೆ. ಅದರಲ್ಲಿ ಒಬ್ಬರಿಗೆ ಅಂಕಿ ಓದಲು ಬರುವುದಿಲ್ಲ. ಅವರಿಗೆ ಏನು ಮಾಡುವುದೋ ನನಗೆ ಇನ್ನೂ ತಿಳಿದಿಲ್ಲ. ಮೈಸೂರಿನ ಅಣ್ಣಾ, ನಿಮ್ಮ ಓದುವ ತಂತ್ರಾಂಶ ಕನ್ನಡದಲ್ಲಿ ಅಂಕಿ ಹೇಳುತ್ತದೆಯೇ? ಇಯರ್‌ಫೋನ್ ಹಾಕಿಕೊಂಡರೆ ಅವರಿಗೂ ಆಗಬಹುದೇನೋ.

ಎರಡನೇ ಮದ್ದಿಗೆ ಕೊನೆಗೌಡರು ಬರುವ ಬುಧವಾರ ಬರುತ್ತಾರೆ, ಮಳೆ ಹೊಳವಾದರೆ. ಮಗಳಿಗೆ ಸೀಟು ಸಿಕ್ಕಿತಂತೆ, ಹಾಸ್ಟೆಲ್ ಫೀಸು ಬಾಕಿ ಇದೆಯಂತೆ. ಈ ಸಲ ಕೆಲಸ ಮುಗಿದ ಸಂಜೆಯೇ, ಜಗಲಿಯಲ್ಲಿ ಅವರು ಕಾಫಿ ಕುಡಿಯುತ್ತಿರುವಾಗಲೇ ಹಾಕುತ್ತೇನೆ.